ನೆಲ ತಟ್ಟಿ ಕರೆದವರು

ಜೂನ್ 16, ಸೋಮವಾರ

ಇದೊಂದನ್ನು ಬರೆಯದೆಯೇ ಬಿಡುವವಳಿದ್ದೆ. ಚಮಚದ ವಿಷಯವನ್ನಷ್ಟೇ ಬರೆದು ಪುಸ್ತಕ ಮುಚ್ಚೋಣ ಎಂದು ಕೂತಿದ್ದೆ. ಆದರೆ ಪವಮಾನನಿಗೆ ಹೇಳದೆ, ಅತ್ತೆಗೆ ಹೇಳದೆ, ಇಲ್ಲಿಯೂ ಬರೆಯದೆ ಹೋದರೆ ಅದು ನಡೆಯಲೇ ಇಲ್ಲ ಎಂದಾಗಿಬಿಡುತ್ತದೆ. ಹಾಗಾಗಲಿ ಎಂದು ನನಗೆ ಎಷ್ಟು ಆಸೆಯಿದೆ ಎಂಬುದು ಗೊತ್ತಾದ್ದರಿಂದಲೇ ಬರೆಯುತ್ತಿದ್ದೇನೆ.

ಸಂಜೆ ತನ್ಮಯಿಯನ್ನು ಕರೆತರಲು ಚಿಗುರುಮನೆಗೆ ಹೋದೆ. ಹೂಟಗಳ್ಳಿಯಲ್ಲಿ ನಮ್ಮ ಕಾರ್ಖಾನೆಯಿಂದ ಐದು ನಿಮಿಷದ ದಾರಿ. ಆ ಕಾರಣಕ್ಕೇ ಆ ಡೇ ಕೇರ್ ಆರಿಸಿದ್ದು. ಗೇಟಿನ ಬಳಿ ಆಯಾ ಮಾದೇವಮ್ಮ ಮಗುವಿನ ಚಪ್ಪಲಿಯ ಪಟ್ಟಿ ಹಾಕುತ್ತಾ, ತಲೆ ಎತ್ತದೆ ಹೇಳಿದಳು.

"ಮೇಡಮ್, ಬೇಜಾರ್ ಮಾಡ್ಕಬ್ಯಾಡಿ. ಕೂಸು ಕರುದ್ರೆ ತಿರುಗಕಿಲ್ಲ. ಇಂದ್ಗಡೆಯಿಂದ ಎಷ್ಟ್ ಕೂಗುದ್ರೂ ಅಂಗೇ ಕುಂತಿರ್ತದೆ. ಒಂದ್ಸಲ ಕಿವಿ ತೋರ್ಸ್‌ಬುಡಿ."

"ಆಟದಲ್ಲಿ ಮುಳುಗಿರ್ತಾಳೆ ಮಾದೇವಮ್ಮ. ಹುಟ್ಟಿದಾಗಲೇ ಆಸ್ಪತ್ರೇಲಿ ಕಿವಿ ಟೆಸ್ಟ್ ಆಗಿದೆ. ಎಲ್ಲ ಸರಿ ಇದೆ ಅಂತ ಬರೆದುಕೊಟ್ಟಿದ್ದಾರೆ."

"ಸರಿ ಇದ್ರೆ ಒಳ್ಳೇದೇ ಅಲ್ವ? ನಾನ್ಯಾಕ್ ಕೆಟ್ಟದ್ದು ಬಯಸ್ಲಿ."

ಅಷ್ಟೆ. ನಾನು ಒಳಗೆ ಹೋಗಿ, ಚಿಗುರುಮನೆ ನಡೆಸುವ ಮಂಜುಶ್ರೀಯ ಹತ್ತಿರ ಚಮಚದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಮಗುವಿಗೆ ಕೈಯಲ್ಲಿ ತುತ್ತು ಕೊಡಬೇಡಿ, ತಾನಾಗಿ ಚಮಚದಲ್ಲಿ ತಿನ್ನಲು ಬಿಡಿ ಎಂದು ಎಷ್ಟು ಸಲ ಹೇಳಿದ್ದೇನೆ. ನನ್ನ ದನಿ ಏರಿತ್ತು. ಚಮಚಕ್ಕೆ ಅಷ್ಟು ಏರಬೇಕಾಗಿರಲಿಲ್ಲ.

ತನ್ಮಯಿಗೆ ಎರಡು ವರ್ಷ ನಾಲ್ಕು ತಿಂಗಳು. ಮದುವೆಯಾಗಿ ಹನ್ನೊಂದು ವರ್ಷ ಕಾದು, ನನ್ನ ನಲವತ್ತೆರಡಕ್ಕೆ ಹುಟ್ಟಿದವಳು. ಮಾತು ಇನ್ನೂ ಬಂದಿಲ್ಲ. "ಮ್ಮ" ಎನ್ನುತ್ತಾಳೆ, "ಆ" ಎನ್ನುತ್ತಾಳೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ಅತ್ತೆಗೆ ಚಿಂತೆಯಿಲ್ಲ. "ನಮ್ಮ ಪವಮಾನ ಬಾಯಿ ಬಿಟ್ಟಿದ್ದೇ ಮೂರು ತುಂಬಿದ ಮೇಲೆ. ಈಗ ನೋಡು, ಕಾಲೇಜಿನಲ್ಲಿ ಸಂಸ್ಕೃತ ಪಾಠ ಶುರು ಮಾಡಿದ ಅಂದ್ರೆ ನಿಲ್ಲಿಸೋಕೆ ಗಂಟೇನೇ ಹೊಡೀಬೇಕು," ಅನ್ನುತ್ತಾರೆ.

ಅವರು ಹೇಳಿದಾಗ ನಗುತ್ತೇನೆ. ಇವತ್ತೂ ನಕ್ಕೆ.

ಜೂನ್ 20, ಶುಕ್ರವಾರ

ಮಂಜುಶ್ರೀ ಕರೆಸಿ ಕೂರಿಸಿಕೊಂಡು ಮಾತಾಡಿದರು. ಮಾದೇವಮ್ಮನೂ ಬಾಗಿಲಿಗೆ ಆತು ನಿಂತಿದ್ದಳು.

"ಮೇಡಮ್, ನಮ್ಮಲ್ಲಿ ಹದಿನಾರು ಮಕ್ಕಳು. ಎಲ್ರಿಗೂ ಚಮಚ ಕೊಟ್ಟು ಕೂರ್ಸಿದ್ರೆ ನಮ್ಮ ಗೋಡೆ ಊಟ ಮಾಡುತ್ತೆ, ಮಕ್ಕಳು ಹಸ್ಕೊಂಡಿರ್ತಾರೆ."

"ಎಲ್ಲರ ಬಗ್ಗೆ ನಾನು ಹೇಳ್ತಿಲ್ಲ."

"ಎರಡ್ ತುತ್ತು ನಾನ್ ತಿನ್ಸುದ್ರೆ ಮೂರ್ನೇದು ಅದೇ ಕೈ ಆಕ್ತದೆ ಮೇಡಮ್," ಎಂದಳು ಮಾದೇವಮ್ಮ. "ಮೊದ್ಲ ತುತ್ತೇ ನೀನೇ ತಿನ್ನು ಅಂದ್ರೆ ಮಕ ತಿರುಗಿಸ್ಬುಡ್ತದೆ."

ನಿದ್ದೆಯ ವಿಷಯವನ್ನೂ ಎತ್ತಿದೆ. ಮಾದೇವಮ್ಮ ನೆಲದಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿ ತೂಗಿ ನಿದ್ದೆ ಮಾಡಿಸುತ್ತಾಳೆ. ಅದು ರೂಢಿಯಾದರೆ ಮನೆಯಲ್ಲಿ ನಾವೇನು ಮಾಡಬೇಕು? ಹಾಸಿಗೆಯಲ್ಲಿ ಮಲಗಿಸಿ, ತಾನಾಗಿ ಮಲಗುವುದನ್ನು ಕಲಿಯಲಿ ಎಂದೆ. ಮಂಜುಶ್ರೀ ಆಗಲಿ ಎಂದು ಬರೆದುಕೊಂಡರು.

ನಾನು ಕೆಟ್ಟವಳಂತೆ ಮಾತಾಡಲಿಲ್ಲ. ದನಿ ಎತ್ತಲಿಲ್ಲ. ಆದರೂ ಗೆದ್ದು ಬಂದವಳ ಹಾಗೆ ಸ್ಕೂಟರ್ ಹತ್ತಿದೆ, ಅದು ನನಗೆ ಹಿಡಿಸಲಿಲ್ಲ.

ಜುಲೈ 4, ಶುಕ್ರವಾರ

ತನ್ಮಯಿಗೆ ಹೊಸ ಅಭ್ಯಾಸ. ಮಡಿಲಲ್ಲಿ ಕೂತಾಗ ನನ್ನ ಗಂಟಲಿಗೆ ಅಂಗೈ ಒತ್ತಿ ಮುಖ ನೋಡುತ್ತಾಳೆ. ನಾನು ಮಾತು ನಿಲ್ಲಿಸಿದರೆ ಗಂಟಲನ್ನು ಮೆಲ್ಲಗೆ ತಟ್ಟುತ್ತಾಳೆ. ಮಣ್ಣು ಕೈ. ತೆಗೆದು ಒರೆಸಿದೆ. ಆಯಾಳಿಂದ ಕಲಿತಿದ್ದಿರಬೇಕು. ಮಾದೇವಮ್ಮ ಮುಖಕ್ಕೆ ಮುಖ ತಂದು ಏನೋ ಗುನುಗುತ್ತಿರುತ್ತಾಳೆ, ಮಗು ಅವಳ ಗಂಟಲು ಹಿಡಿದುಕೊಂಡಿರುತ್ತದೆ. ಎಲೆಯಡಿಕೆಯ ಬಾಯಿ. ಸೋಮವಾರ ಹೇಳಬೇಕು.

ಜುಲೈ 15, ಮಂಗಳವಾರ

ಚಿಗುರುಮನೆಯಲ್ಲಿ ಕ್ಯಾಮೆರಾ ಇದೆ. ಪೋಷಕರು ಫೋನಿನಲ್ಲಿ ನೋಡಬಹುದು. ಚಿತ್ರ ಮಾತ್ರ, ಸದ್ದಿಲ್ಲ. ಊಟದ ಹೊತ್ತಿಗೆ ತೆರೆದೆ. ಒಳಗಿನ ಆಟದ ಕೋಣೆಗೆ ಹಲಗೆಯ ನೆಲ, ಮೇಲೆ ತೆಳು ಚಾಪೆ. ತನ್ಮಯಿ ಬಾಗಿಲಿಗೆ ಬೆನ್ನು ಮಾಡಿ, ಕ್ಯಾಮೆರಾದ ಕಡೆ ಮುಖ ಮಾಡಿ ಕೂತು ಡಬ್ಬಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಮಾದೇವಮ್ಮ ಹಿಂದಿನಿಂದ ಬಂದಳು. ಬಂದವಳೇ ಕಾಲನ್ನು ಎತ್ತಿ ಧಡ್ಡೆಂದು ನೆಲಕ್ಕೆ ಹೊಡೆದಳು. ಮಗು ಬೆಚ್ಚಿ ತಿರುಗಿತು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಬಗ್ಗಿ, ಅಂಗೈಯಿಂದ ನೆಲ ಬಡಿದಳು. ಬೇರೆ ಯಾವ ಮಗುವಿಗೂ ಹಾಗೆ ಮಾಡಲಿಲ್ಲ. ನನ್ನ ಮಗುವಿಗೆ ಮಾತ್ರ.

ಅರ್ಧ ದಿನ ರಜೆ ಹಾಕಿ ನೇರ ಹೋದೆ.

"ಮಗೂನ ಹೆದರಿಸ್ತೀರಾ ಮಾದೇವಮ್ಮ? ನಾನು ಕಣ್ಣಾರೆ ನೋಡಿದೆ."

"ಅಯ್ಯೋ, ಎದ್ರುಸೋದಾ? ಇಲ್ಲ ಕಣಮ್ಮ! ಮೂರ್ ಸಲ ಕರುದೆ, ಕ್ಯಾಮ್ರಾದಲ್ಲಿ ಅದ್ ಕೇಳ್ಸಕಿಲ್ವಲ್ಲ. ನೆಲ ಅದುರುದ್ರೆ ತಿರುಗ್ತದೆ. ಅದ್ಕೇ ತಟ್ಟೋದು. ತಿರುಗಿ ನೋಡುದ್ರೆ ನಗ್ತದೆ, ಎದ್ರುಕೊಂಡ್ರೆ ನಗ್ತಿತ್ತಾ?"

"ಮತ್ತೆ ಅದೇ ಮಾತು. ಅವಳ ಕಿವಿ ಸರಿ ಇದೆ ಅಂತ ಹೇಳಿದ್ದೀನಿ."

"ಆಯ್ತು ಮೇಡಮ್," ಎಂದಳು. ಆಮೇಲೆ ಮಂಜುಶ್ರೀಯ ಕಡೆ ನೋಡಿದಳು. ಮಂಜುಶ್ರೀ ತಮ್ಮ ರಿಜಿಸ್ಟರ್ ನೋಡುತ್ತಿದ್ದರು.

ನಗುತ್ತದೆಯೇ? ತಿರುಗಿದ ಮೇಲೆ ಮಗುವಿನ ಮುಖ ಕ್ಯಾಮೆರಾಗೆ ಕಾಣುವುದಿಲ್ಲ.

ಜುಲೈ 17, ಗುರುವಾರ

ದೂರು ಬರೆದೆ. ಇಂಗ್ಲಿಷಿನಲ್ಲಿ, ಒಂದೂವರೆ ಪುಟ. ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸವೇ ಇದು: ಯಾವ ಬಿಡಿಭಾಗ ಅಳತೆ ತಪ್ಪಿದೆ, ಯಾವಾಗ ಕಂಡಿತು, ಪುರಾವೆ ಏನು, ಸರಿಪಡಿಸುವ ಕ್ರಮ ಯಾವುದು. ಹದಿನೆಂಟು ವರ್ಷದಿಂದ ಈ ನಾಲ್ಕು ಅಂಕಣಗಳನ್ನು ತುಂಬುತ್ತಿದ್ದೇನೆ. ಕೈ ತಾನಾಗಿಯೇ ಹಾಗೆ ಬರೆಯಿತು. ದಿನಾಂಕ, ಸಮಯ, ಘಟನೆ. ಕೈಯಲ್ಲಿ ತಿನ್ನಿಸುವುದು, ಕಾಲಿನ ಮೇಲೆ ಮಲಗಿಸುವುದು, ಮುಖದ ಹತ್ತಿರ ಬಾಯಿ ತರುವುದು, ನೆಲ ಬಡಿದು ಮಗುವನ್ನು ಹೆದರಿಸುವುದು. ಇನ್ನೊಬ್ಬ ತಾಯಿ ಭಾನುಮತಿ ಓದಿ, "ಎಷ್ಟು ಚೆನ್ನಾಗಿ ಬರೆದಿದ್ದೀರಿ ಅನುಪಮಾ, ನಮ್ಮ ಮನಸ್ಸಿನಲ್ಲಿದ್ದಿದ್ದೇ," ಎಂದು ಸಹಿ ಹಾಕಿದರು. ಇನ್ನಿಬ್ಬರು ಓದದೆಯೇ ಹಾಕಿದರು. ಮಂಜುಶ್ರೀಗೆ ಕೊಟ್ಟೆ, ಚಿಗುರುಮನೆಯ ಟ್ರಸ್ಟಿನ ಅಧ್ಯಕ್ಷರಿಗೂ ಒಂದು ಪ್ರತಿ ಹೋಯಿತು.

ಐದನೆಯದೊಂದು ಅಂಕಣವಿದೆ, ಅದನ್ನು ಬಿಟ್ಟೆ. ನಮ್ಮ ವರದಿಯಲ್ಲಿ, ಆರೋಪಕ್ಕೆ ಒಳಗಾದವರು ಕೊಟ್ಟ ವಿವರಣೆಗೂ ಒಂದು ಜಾಗ ಇರುತ್ತದೆ.

ಜುಲೈ 21, ಸೋಮವಾರ

ಬಾಗಿಲಲ್ಲಿ ಬೇರೊಬ್ಬ ಹುಡುಗಿ ನಿಂತಿದ್ದಳು. ಮಾದೇವಮ್ಮನನ್ನು ಶನಿವಾರವೇ ಕಳಿಸಿದರಂತೆ.

ತೆಗೆದುಹಾಕಿ ಎಂದು ನಾನು ಬರೆದಿರಲಿಲ್ಲ. ಸರಿಪಡಿಸುವ ಕ್ರಮ ಎಂದಷ್ಟೇ ಬರೆದಿದ್ದೆ.

ತನ್ಮಯಿ ಒಳಗೆ ಹೋಗಿ, ಒಂದೊಂದೇ ಕೋಣೆಯ ಬಾಗಿಲಲ್ಲಿ ನಿಂತು ನೋಡಿ ಬಂದಳು. ಅಡುಗೆಮನೆಯನ್ನೂ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಗೇಟಿನ ಕಡೆ ಎಳೆದಳು.

ಆಗಸ್ಟ್ 12, ಮಂಗಳವಾರ

ಈಗ ದೂರು ನನಗೇ ಬರುತ್ತಿದೆ. ಮಗು ಕಚ್ಚುತ್ತದೆ. ನಿನ್ನೆ ಭಾನುಮತಿಯ ಮಗನ ಕೈಗೆ, ಇವತ್ತು ಹೊಸ ಆಯಾಳ ಭುಜಕ್ಕೆ. ಚಮಚ ಎಸೆಯುತ್ತದೆ. ಮಧ್ಯಾಹ್ನ ಮಲಗುವುದಿಲ್ಲ. "ಹಾಸಿಗೇಲೇ ಮಲಗಿಸ್ತಾ ಇದ್ದೀವಿ ಮೇಡಮ್, ನೀವು ಹೇಳಿದ ಹಾಗೇ," ಎಂದರು ಮಂಜುಶ್ರೀ. ಚುಚ್ಚಲೆಂದು ಹೇಳಿದರೋ ಇಲ್ಲವೋ ಗೊತ್ತಿಲ್ಲ. ಚುಚ್ಚಿತು.

ಒಂದು ತಿಂಗಳಲ್ಲಿ ಎಂಟುನೂರು ಗ್ರಾಂ ಇಳಿದಿದ್ದಾಳೆ. ಹಲ್ಲು ಬರುತ್ತಿರಬೇಕು ಎಂದರು ಅತ್ತೆ.

ಸೆಪ್ಟೆಂಬರ್ 6, ಶನಿವಾರ

ಮನೆಯಲ್ಲಿ ಅಲ್ಲಲ್ಲಿ ಕೂತು ಅಂಗೈಯಿಂದ ನೆಲ ತಟ್ಟುತ್ತಾಳೆ. ತಟ್ಟಿ, ತಲೆ ಎತ್ತಿ, ನಮ್ಮ ಮುಖಗಳನ್ನು ಒಂದಾದ ಮೇಲೊಂದು ನೋಡುತ್ತಾಳೆ. ನಮ್ಮದು ಕಲ್ಲಿನ ನೆಲ, ಸದ್ದೂ ಇಲ್ಲ ಅದುರುವುದೂ ಇಲ್ಲ. "ತಾಳ ಹಾಕ್ತಾಳೆ ನೋಡು! ಇವಳಿಗೆ ಮೃದಂಗ ಕಲಿಸಬೇಕು ಕಣೋ ಪವಮಾನ," ಎಂದರು ಅತ್ತೆ. ಪವಮಾನ ತಾನೂ ಕೂತು ತಟ್ಟಿದ. ಅವಳು ಅವನ ಕೈ ಎತ್ತಿ ಪಕ್ಕಕ್ಕಿಟ್ಟಳು.

ಬರೆಯಲು ಇನ್ನೂ ಇತ್ತು. ಬೇಡ.

ಸೆಪ್ಟೆಂಬರ್ 25, ಗುರುವಾರ

ದಸರಾ ದೀಪ ನೋಡಲು ಹೊರಟಿದ್ದೆವು. ಇನ್ನೂ ವಿಜಯನಗರದ ನಮ್ಮ ಬೀದಿಯನ್ನೇ ದಾಟಿರಲಿಲ್ಲ. ತನ್ಮಯಿ ಹತ್ತು ಹೆಜ್ಜೆ ಮುಂದೆ, ರಸ್ತೆಯ ನಡುವಿಗೆ ಹೋಗಿ ಒಂದು ಬಲೂನಿನ ಚೂರನ್ನು ಎತ್ತಿಕೊಳ್ಳುತ್ತಿದ್ದಳು. ಹಿಂದಿನಿಂದ ಆಟೋ. ಹಾರ್ನ್ ಹೊಡೆದ, ಮತ್ತೆ ಹೊಡೆದ, ಒತ್ತಿ ಹಿಡಿದೇಬಿಟ್ಟ. ಬೀದಿಯ ನಾಯಿಗಳು ಎದ್ದು ಓಡಿದವು. ಅವಳು ಚೂರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಪವಮಾನ ಓಡಿ ಎತ್ತಿಕೊಂಡ. ಆಟೋದವನು ತಲೆ ಹೊರಗೆ ಹಾಕಿ, "ಏನ್ರೀ, ಮಗೀಗೆ ಕಿವಿ ಕೇಳ್ಸಕಿಲ್ವಾ? ಹಿಡ್ಕೊಂಡ್ ಓಗಕ್ಕೇನ್ರೀ!" ಎಂದ.

"ಮರ್ಯಾದೆಯಿಂದ ಮಾತಾಡಿ," ಎಂದ ಪವಮಾನ.

ದೀಪ ನೋಡಿ ಬಂದೆವು. ಯಾವ ದೀಪ, ಎಲ್ಲಿ, ನನಗೆ ಒಂದೂ ನೆನಪಿಲ್ಲ.

ಅಕ್ಟೋಬರ್ 3, ಶುಕ್ರವಾರ

ಪವಮಾನ ಅತ್ತೆಯನ್ನು ಕರೆದುಕೊಂಡು ಸರಸ್ವತಿಪುರಂಗೆ ಹೋಗಿದ್ದ. ಮನೆಯಲ್ಲಿ ನಾನು ಮತ್ತು ತನ್ಮಯಿ ಇಬ್ಬರೇ.

ಅವಳು ಮಂಚದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಆಡುತ್ತಿದ್ದಳು. ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿದೆ. ಎಡಗಡೆಯಿಂದ ಹತ್ತು ಸಲ, ಬಲಗಡೆಯಿಂದ ಹತ್ತು ಸಲ. ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಇಪ್ಪತ್ತು ಸೊನ್ನೆಗಳು. ಹೆಸರು ಹಿಡಿದು ಕೂಗಿದೆ, ಮೊದಲು ಮೆಲ್ಲಗೆ, ಆಮೇಲೆ ಪಕ್ಕದ ಮನೆಯವರು ಕಿಟಕಿ ತೆರೆಯುವಷ್ಟು ಜೋರಾಗಿ. ಆಡುತ್ತಲೇ ಇದ್ದಳು.

ಮಂಚದ ಹಲಗೆಯನ್ನು ಅಂಗೈಯಿಂದ ತಟ್ಟಿದೆ. ಒಂದೇ ಸಲ.

ತಕ್ಷಣ ತಿರುಗಿದಳು. ಮುಖದ ತುಂಬ ನಗು. ಎತ್ತಿಕೋ ಎಂದು ಎರಡೂ ಕೈ ಮೇಲೆ. ನನ್ನನ್ನು ನೋಡಿದಳು. ಆಮೇಲೆ ನನ್ನನ್ನು ದಾಟಿ, ಹಿಂದೆ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಬಾಗಿಲನ್ನೇ ನೋಡುತ್ತಿದ್ದು, ಕೈ ಇಳಿಸಿದಳು.

ಅಕ್ಟೋಬರ್ 4, ಶನಿವಾರ

ಪವಮಾನನಿಗೆ ಹೇಳಿದೆ. ಕಿವಿಯ ವಿಷಯ ಮಾತ್ರ.

ಅಕ್ಟೋಬರ್ 14, ಮಂಗಳವಾರ

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಇದು ಮೂರನೆಯ ಸಲ. ಎಷ್ಟು ದೂರದಿಂದ ಬಂದಿರುತ್ತಾರೆ ಜನ. ಬಿಹಾರದ ಒಂದು ಕುಟುಂಬ, ಕೇರಳದ ಇಬ್ಬರು ತಾಯಂದಿರು. ನಮ್ಮ ಮನೆಯಿಂದ ಹತ್ತು ನಿಮಿಷ. ವಾರಕ್ಕೆರಡು ಸಲ ಅದರ ಮುಂದೆಯೇ ಸ್ಕೂಟರಿನಲ್ಲಿ ಹೋಗುತ್ತೇನೆ.

ಮಗು ಮಲಗಿದ್ದಾಗ ತಲೆಗೆ ತಂತಿ ಅಂಟಿಸಿ ಮಾಡುವ ಪರೀಕ್ಷೆ. ಅವಳು ಮಲಗಲೊಲ್ಲಳು. ಹಾಸಿಗೆಯಲ್ಲಿಟ್ಟರೆ ಚೀರಾಡಿದಳು. ಕೊನೆಗೆ ನೆಲದಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಲಗಿಸಿ ತೂಗಿದೆ. ಹತ್ತು ನಿಮಿಷಕ್ಕೆ ಮಲಗಿದಳು.

ಎರಡೂ ಕಿವಿ. ತೀವ್ರ ಶ್ರವಣದೋಷ. ಸಣ್ಣ ವಯಸ್ಸಿನ ತಜ್ಞೆ, ಗೆರೆಗಳಿದ್ದ ಹಾಳೆಯನ್ನು ನಮ್ಮ ಕಡೆ ತಿರುಗಿಸಿ ವಿವರಿಸಿದರು. ಹುಟ್ಟಿದಾಗಿನ ವರದಿ ತೋರಿಸಿದೆ. "ಆಗ ಸರಿ ಇದ್ದ ಮಕ್ಕಳಿಗೂ ಆಮೇಲೆ ಕಡಿಮೆಯಾಗಬಹುದು ಮೇಡಮ್. ಅದೊಂದು ಕಾಗದ ಇದೆ ಅಂತ ಕೂರೋ ಹಾಗಿಲ್ಲ." ಮೊದಲು ಶ್ರವಣ ಯಂತ್ರ, ಜೊತೆಗೆ ದಿನಾ ತರಬೇತಿ, ಮೂರು ತಿಂಗಳು ನೋಡಿ ಆಪರೇಷನ್ ಬಗ್ಗೆ ಯೋಚಿಸುವುದು.

"ಇನ್ನೂ ನಾಲ್ಕೈದು ತಿಂಗಳು ಮೊದಲೇ ಬಂದಿದ್ದರೆ?" ಎಂದೆ.

"ಈಗ ಬಂದಿದ್ದೀರಲ್ಲ," ಎಂದರು. ಹೌದು ಎನ್ನಲು ಮನಸ್ಸಿಲ್ಲದವರು ಹೇಳುವ ಮಾತು.

ಆಮೇಲೆ ನಮೂನೆ ತುಂಬುತ್ತಾ ಕೇಳಿದರು, "ಮೊದಲು ಗಮನಿಸಿದ್ದು ಯಾರು?"

"ನಾವೇ," ಎಂದೆ. "ಮನೆಯಲ್ಲೇ ಗೊತ್ತಾಯಿತು."

ಅವರು ಬರೆದುಕೊಂಡರು. ಪವಮಾನ ನನ್ನ ಕೈ ಹಿಡಿದುಕೊಂಡ. ಆ ಕೈಯನ್ನು ಬಿಡಿಸಿಕೊಳ್ಳಬೇಕೆನಿಸಿತು, ಬಿಡಿಸಿಕೊಳ್ಳಲಿಲ್ಲ.

ನವೆಂಬರ್ 6, ಗುರುವಾರ

ಆರು ತಿಂಗಳ ರಜೆ ಮಂಜೂರಾಯಿತು. ಶ್ರವಣ ಯಂತ್ರ ಹಾಕಿದ ತಕ್ಷಣ ತನ್ಮಯಿ ಕೀಳುತ್ತಾಳೆ. ಒಂದನ್ನು ಅಕ್ಕಿ ಡಬ್ಬದಲ್ಲಿ ಹಾಕಿದ್ದಳು. ಯಂತ್ರ ಹಾಕಿದ ಮೊದಲ ದಿನ ಮಕ್ಕಳು ಅಮ್ಮನ ದನಿ ಕೇಳಿ ನಗುವ ವಿಡಿಯೋಗಳನ್ನು ಅತ್ತೆಗೆ ಯಾರೋ ಕಳಿಸಿದ್ದಾರೆ. ನಮ್ಮಲ್ಲಿ ಹಾಗೇನೂ ಆಗಲಿಲ್ಲ. ಅವಳು ಅತ್ತಳು, ತನ್ನ ಅಳುವೇ ಕೇಳಿಸಿತೋ ಏನೋ, ಇನ್ನೂ ಹೆಚ್ಚು ಅತ್ತಳು.

ಬಟ್ಟೆ, ಬಾಟಲಿ ಎಲ್ಲ ತರಲು ಚಿಗುರುಮನೆಗೆ ಹೋಗಿದ್ದೆ. ಮಂಜುಶ್ರೀಗೆ ವಿಷಯ ಹೇಳಿದೆ.

"ಮಾದೇವಮ್ಮ ನಂಗೂ ಹೇಳಿದ್ರು ಮೇಡಮ್. ನಿಮಗೆ ಹೇಳೋಕೆ ನನಗೆ ಧೈರ್ಯ ಸಾಲಲಿಲ್ಲ. ತಪ್ಪು ನನ್ನದೂ ಇದೆ."

"ಈಗ ಎಲ್ಲಿದ್ದಾರೆ?"

"ಹಿನಕಲ್ಲಲ್ಲೇ ಮನೆ. ಕೆಲಸ ಎಲ್ಲೂ ಸಿಕ್ಕಿಲ್ಲ. ಎರಡು ಕಡೆಯಿಂದ ನಮಗೆ ಫೋನ್ ಮಾಡಿ ವಿಚಾರಿಸಿದ್ರು. ಫೈಲಲ್ಲಿ ನಿಮ್ಮ ಕಾಗದ ಇದೆಯಲ್ಲ. ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?"

ನವೆಂಬರ್ 16, ಭಾನುವಾರ

ಹತ್ತು ದಿನ ಬೇಕಾಯಿತು ನನಗೆ. ಹಿನಕಲ್ ಎಷ್ಟು ದೂರ? ಸ್ಕೂಟರಿನಲ್ಲಿ ಏಳು ನಿಮಿಷ.

ರಿಂಗ್ ರೋಡಿನ ಆಚೆ ಹಳೆಯ ಊರಿನ ಓಣಿ. ಮಾದೇವಮ್ಮನವರು ಬಾಗಿಲ ಮುಂದೆ ಕೂತು ಹುರುಳಿ ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಕೈಬೆರಳೆಲ್ಲ ಬಿಳಿಚಿ ಸುಲಿದಿತ್ತು. ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯುತ್ತಿದ್ದಾರಂತೆ.

"ಬನ್ನಿ ಮೇಡಮ್, ಒಳಿಕ್ ಬನ್ನಿ. ಕೂಸ್ ಎಂಗದೆ?"

ಹೇಳಿದೆ. ಬಾಗಿಲಲ್ಲೇ ಅವರ ಪಕ್ಕ ಕೂತು, ಎಲ್ಲವನ್ನೂ. ನಾನು ಹೇಳಲಿಲ್ಲವಾ ಎಂದು ಅವರು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

"ಮಿಸೀನ್ ಕಿತ್ತಾಕ್ತದಾ? ಕೀಳ್ತದೆ ಬುಡಿ. ಕಿವಿಗೆ ಏನಾರ ತಾಕುದ್ರೆ ಮೊದ್ಲಿಂದ್ಲೂ ಆಗಕಿಲ್ಲ ಅದ್ಕೆ. ಟೋಪಿ ಆಕುದ್ರೂ ಎಸೀತಿತ್ತು. ಉಣ್ಣೋವಾಗ ಆಕಿ ಮೇಡಮ್. ಬಾಯಿಗೆ ಕೆಲ್ಸ ಇದ್ರೆ ಕೈ ಮರೀತದೆ."

ಟೋಪಿಯ ವಿಷಯ ನನಗೆ ಗೊತ್ತಿರಲಿಲ್ಲ.

"ಕರ್ಕೊಂಡ್ ಬರ್ಬಾರ್ದಿತ್ತಾ?"

"ಶೀತ ಆಗಿತ್ತು," ಎಂದೆ. ಶೀತ ಇರಲಿಲ್ಲ. ಅವಳು ಓಡಿಹೋಗಿ ಇವರ ಕೊರಳಿಗೆ ಬೀಳುವುದನ್ನು ನನ್ನಿಂದ ನೋಡಲಾಗುವುದಿಲ್ಲ ಎಂದು ಮನೆಯಲ್ಲೇ ಬಿಟ್ಟು ಬಂದಿದ್ದೆ.

"ಒಳ್ಳೇದೇ ಆಯ್ತು ಬುಡಿ. ಬಂದ್ರೆ ಮತ್ತೆ ಬುಟ್ಟೋಗ್ಬೇಕು. ಎರಡ್ ಸಲ ಯಾಕೆ."

"ನನ್ನಿಂದ ದೊಡ್ಡ ತಪ್ಪಾಯ್ತು ಮಾದೇವಮ್ಮ. ಮಂಜುಶ್ರೀ ಹತ್ರ ಮಾತಾಡ್ತೀನಿ, ಕೆಲಸ…"

"ಕೆಲ್ಸ ಇರ್ಲಿ ಮೇಡಮ್." ಮೊರ ಕೆಳಗಿಟ್ಟರು. "ಕೆಲ್ಸದಿಂದ ತೆಗ್ಯೋವಾಗ ಸೈನ್ ಆಕ್ಬೇಕು, ಜೊತೇಲಿ ಯಾರ್ನಾರ ಕರ್ಕಬಾ ಅಂದ್ರು ಅಂತ ಸೊಸೇನ ಕರ್ಕೊಂಡೋಗಿದ್ದೆ. ಅವ್ಳ್ ಎದ್ರುಗೇ ನಿಮ್ ಇಂಗ್ಲೀಸ್ ಕಾಗ್ದ ಓದಿ ಯೋಳುದ್ರು. ಈಯಮ್ಮ ಮಗೀನ ಎದ್ರುಸ್ತಾಳೆ ಅಂತ ನಾಕ್ ಜನ ತಾಯ್ದೀರು ಬರ್ದವ್ರೆ ಅಂತ. ಅವ್ಳೇನೂ ಅನ್ನಕಿಲ್ಲ, ಒಳ್ಳೇ ಉಡ್ಗಿ. ಆದ್ರೆ ಈಗ ಮೊಮ್ಮಗ ನನ್ ತಾವ ಅತ್ರೆ ಒಲೆ ಮುಂದ್ಲಿಂದ ಓಡ್ಬತ್ತಾಳೆ. ನನ್ ಕೈಯಿಂದ ಇಸ್ಕೊಂಡು, ಮಗೀನ ಮೈಕೈ ಎಲ್ಲ ನೋಡ್ತಾಳೆ."

ಅಷ್ಟರಲ್ಲಿ ಒಳಗೆ ಮಗು ಎದ್ದು ಅತ್ತಿತು. ಮಾದೇವಮ್ಮನವರು ಏಳಲು ನೆಲಕ್ಕೆ ಕೈ ಊರಿದರು. ಒಳಗಿನಿಂದ ಸೊಸೆಯ ದನಿ ಬಂತು, "ನೀವು ಕುಂತಿರಿ ಅತ್ತೆ, ನಾನ್ ನೋಡ್ತೀನಿ." ಅವರು ಹಾಗೇ ಕೂತರು.

"ನಂಗೇನೂ ಬ್ಯಾಡ ಮೇಡಮ್," ಎಂದರು ದನಿ ತಗ್ಗಿಸಿ. "ಆ ಕಾಗ್ದ ಸುಳ್ಳು ಅಂತ ಇನ್ನೊಂದ್ ಕಾಗ್ದ ಬರ್ಕೊಡಿ. ಅವ್ಳಿಗೆ ಓದಕ್ ಬರಂಗೆ."

ನವೆಂಬರ್ 22, ಶನಿವಾರ

ನಾಲ್ಕು ಸಲ ಬರೆದು ಹರಿದೆ. ಇಂಗ್ಲಿಷಿನಲ್ಲಿ ಬರೆದರೆ ನಾನು ಬೇಗ ಸರಿಯೆನಿಸಿಬಿಡುತ್ತೇನೆ. 'ತಪ್ಪು ತಿಳಿವಳಿಕೆ', 'ದುರದೃಷ್ಟಕರ', 'ಲಭ್ಯವಿದ್ದ ಮಾಹಿತಿಯ ಆಧಾರದಲ್ಲಿ' ಎಲ್ಲ ತಾವಾಗಿಯೇ ಬಂದು ನಿಲ್ಲುತ್ತವೆ. ಕನ್ನಡದಲ್ಲಿ ಶುರು ಮಾಡಿದರೆ 'ನನಗೆ ಹೇಳಿದ್ದರು' ಎಂದು ಬರೆಯದೆ ಎರಡನೆಯ ವಾಕ್ಯಕ್ಕೆ ದಾರಿಯೇ ಇಲ್ಲ.

ಊಟದ ಹೊತ್ತಿಗೆ ತನ್ಮಯಿಗೆ ಯಂತ್ರ ಹಾಕಿದೆ. ಎರಡು ತುತ್ತು ನಾನು ಕೊಟ್ಟೆ, ಮೂರನೆಯದಕ್ಕೆ ತಾನೇ ತಟ್ಟೆಗೆ ಕೈ ಹಾಕಿದಳು. ಹದಿನೆಂಟು ನಿಮಿಷ ಯಂತ್ರ ಕಿವಿಯಲ್ಲಿತ್ತು.

ಅತ್ತೆಗೆ ಕಾಗದದ ವಿಷಯ ಗೊತ್ತಾಯಿತು. ಕೋಪಿಸಿಕೊಳ್ಳಲಿಲ್ಲ, ಪಕ್ಕದಲ್ಲಿ ಬಂದು ಕೂತರು.

"ಅನುಪಮಾ, ಆ ಹೆಂಗಸಿಗೆ ಬೇರೆ ಏನು ಬೇಕಾದರೂ ಮಾಡೋಣ. ಎಲ್ಲಾದರೂ ಕೆಲಸ ಕೊಡಿಸೋಣ. ಆದ್ರೆ ಮಗೂಗೆ ಕಿವಿ ಕೇಳಲ್ಲ ಅಂತ ನಮ್ಮ ಕೈಯಾರೆ ನಾವೇ ಬರೆದು ಊರಿಗೆ ಹಂಚಬೇಕೇನಮ್ಮ? ಹೆಣ್ಣು ಮಗು. ನಾಳೆ ಸರಿಹೋದರೆ?"

"ಅದನ್ನ ಬರೆಯದೆ, ಅವರು ನೆಲ ಯಾಕೆ ತಟ್ಟಿದರು ಅಂತ ಹೇಗೆ ಬರೀಲಿ ಅಮ್ಮ?"

ಅವರು ಕಣ್ಣೊರೆಸಿಕೊಂಡು ಎದ್ದುಹೋದರು. ಅವರು ಹೇಳಿದ್ದು ಪೂರಾ ತಪ್ಪು ಎಂದು ನನಗೂ ಅನಿಸುವುದಿಲ್ಲ. ತನ್ಮಯಿ ದೊಡ್ಡವಳಾದ ಮೇಲೆ, ನನ್ನನ್ನು ಕೇಳದೆ ಯಾಕೆ ಬರೆದೆ ಎಂದು ಕೇಳಬಹುದು. ಕೇಳಲಿ.

ನವೆಂಬರ್ 29, ಶನಿವಾರ

ಮುಗಿಯಿತು. ಒಂದೇ ಪುಟ.

ಪವಮಾನನಿಗೆ ಓದಲು ಕೊಟ್ಟೆ. ಅವನು ಮೇಜಿನ ಮೇಲೆ ಹರಡಿ, ವಿದ್ಯಾರ್ಥಿಗಳ ಉತ್ತರಪತ್ರಿಕೆ ಓದುವ ಹಾಗೆ ಬೆರಳಿಟ್ಟು ಓದಿದ. ಬೆರಳು ಎರಡನೆಯ ಸಾಲಿನಲ್ಲಿ ನಿಂತಿತು.

"ಜೂನ್?" ಎಂದ.

"ಹೌದು."

"ಜೂನ್ ಹದಿನಾರಕ್ಕೇ ನಿನಗೆ ಹೇಳಿದ್ರಾ?"

"ಹೌದು. ಜುಲೈನಲ್ಲಿ ಇನ್ನೊಂದು ಸಲ."

"ಆಸ್ಪತ್ರೇಲಿ ನಾವೇ ಗಮನಿಸಿದ್ವಿ ಅಂದೆ. ನಾನು ನಿನ್ನ ಕೈ ಹಿಡಿದುಕೊಂಡಿದ್ದೆ."

ಅವನು ಉಳಿದದ್ದನ್ನು ಓದಿ ಮುಗಿಸಿದ. ಕೂಗಾಡುವವನಲ್ಲ. ಮಗುವನ್ನು ಎತ್ತಿಕೊಂಡು, ಪಾರ್ಕಿಗೆ ಹೋಗಿ ಬರುತ್ತೇನೆ ಎಂದ. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ, "ನಾನೂ ಸಹಿ ಹಾಕಬೇಕಾ?" ಎಂದು ಕೇಳಿದ.

"ಬೇಡ. ನಿನಗೆ ಗೊತ್ತಿರಲಿಲ್ಲ."

ಸಂಜೆ ಬಂದ ಮೇಲೆ ಮಗುವಿನ ಬಗ್ಗೆ ಮಾತಾಡಿದ. ಹಾಲು, ಸ್ವೆಟರು. ನನ್ನ ಜೊತೆ ಇನ್ನೂ ಮಾತಾಡಿಲ್ಲ.

ಕೈಬರಹದಲ್ಲಿ ಮೂರು ಪ್ರತಿ ಮಾಡಿದ್ದೇನೆ. ಒಂದು ಟ್ರಸ್ಟಿನ ಅಧ್ಯಕ್ಷ ರುದ್ರಸ್ವಾಮಿಯವರಿಗೆ, ಮಂಜುಶ್ರೀಯ ಫೈಲಿನಲ್ಲಿ ನನ್ನ ದೂರಿನ ಮೇಲೆ ಇಡಲು. ಒಂದು ವಾಕ್ ಶ್ರವಣ ಸಂಸ್ಥೆಗೆ, ಮೊದಲು ಗಮನಿಸಿದವರ ಹೆಸರು ತಿದ್ದಿಕೊಳ್ಳಲು. ಒಂದು ಹಿನಕಲ್ಲಿಗೆ, ಮಾದೇವಮ್ಮನವರ ಹೆಸರಿಗೆ. ಸಹಿ ಹಾಕಿದ್ದ ಮೂವರು ತಾಯಂದಿರಿಗೆ ಫೋನ್ ಮಾಡಿ ಓದಿ ಹೇಳಿದೆ. ಭಾನುಮತಿ ಅತ್ತರು. ಒಬ್ಬರು, "ಇಷ್ಟಕ್ಕೆಲ್ಲ ಬರೆದುಕೊಡಬಾರದಿತ್ತು ಕಣ್ರೀ," ಎಂದರು. ಇನ್ನೊಬ್ಬರು ಫೋನ್ ಇಟ್ಟರು.

ಹಿನಕಲ್ಲಿನ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬರೆದಿದ್ದೇನೆ. ಸೊಸೆ ಓದುತ್ತಾಳೆ. ನಂಬಲೂಬಹುದು. ಆದರೂ ಮುಂದಿನ ಸಲ ಆ ಮನೆಯ ಮಗು ಅತ್ತಾಗ ಒಲೆಯ ಮುಂದಿನಿಂದ ಅವಳು ಏಳುತ್ತಾಳೋ, ಸುಮ್ಮನೆ ಕೂರುತ್ತಾಳೋ, ಅದು ನನಗೆ ಯಾವತ್ತೂ ತಿಳಿಯುವುದಿಲ್ಲ. ಒಂದೂವರೆ ಪುಟದಲ್ಲಿ ನಾನು ಅಲ್ಲಿಗೆ ಕಳಿಸಿದ್ದನ್ನು ಈ ಒಂದು ಪುಟ ಪೂರಾ ಹೊರಗೆ ತರುತ್ತದೆ ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಲಕೋಟೆಗಳನ್ನು ಅಂಟಿಸುವ ಹೊತ್ತಿಗೆ ಅಂಚೆ ಕಚೇರಿ ಮುಚ್ಚಿತ್ತು. ನಾಳೆ ಭಾನುವಾರ. ಡಿಸೆಂಬರ್ 1, ಸೋಮವಾರ, ಅಂಚೆಗೆ ಹಾಕುತ್ತೇನೆ.